ಮದ್ದಿಗೊಂದು ಸ್ಟಾಪ್

ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಭೋಜ ಬಹಳ ವರ್ಷಗಳಿಂದ ಕಂಡಕ್ಟರ್. ಯಾವ ಅಜ್ಜಿ ಎಲ್ಲಿ ಇಳಿಯುತ್ತಾಳೆ ಎಂಬುದು ಕೇಳದೆಯೇ ಗೊತ್ತಿದ್ದವನು. ಮಳೆಗಾಲದ ಕೊನೆಗೆ ಹಿಡಿದ ಕೆಮ್ಮು ಅವನನ್ನು ಬಿಡಲಿಲ್ಲ. ಸೀಟಿ ಊದಲು ಉಸಿರು ಸಾಲದೆ ಬಸ್ಸಿನ ತಗಡಿಗೆ ಕೈಯಿಂದ ಬಡಿಯತೊಡಗಿದ. ಹೆಂಡತಿ ರಾಜೀವಿ ಹಟ ಹಿಡಿದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಕಫ ಪರೀಕ್ಷಿಸಿ ಕ್ಷಯ ಎಂದರು. ಆರು ತಿಂಗಳ ಮದ್ದು, ಒಂದು ದಿನವೂ ತಪ್ಪುವಂತಿಲ್ಲ.

ಮೊದಲು ಕೆಲವು ವಾರ ಅವನು ಮನೆಯಲ್ಲೇ ಉಳಿದ. ದಿನಾ ಆಸ್ಪತ್ರೆಗೆ ನಡೆದು ಹೋಗಿ ನರ್ಸಿನ ಎದುರು ಮಾತ್ರೆ ನುಂಗಿ ಬರುತ್ತಿದ್ದ. ಇನ್ನು ಬೇರೆಯವರಿಗೆ ಹರಡುವುದಿಲ್ಲ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ ಮೇಲೆ ತೊಂದರೆ ಶುರುವಾಯಿತು. ಬಸ್ಸು ಹೊರಡುವಾಗ ಆಸ್ಪತ್ರೆ ತೆರೆದಿರುತ್ತಿರಲಿಲ್ಲ, ಅವನು ಮರಳುವಾಗ ಮುಚ್ಚಿರುತ್ತಿತ್ತು. ಆರೋಗ್ಯ ಕಾರ್ಯಕರ್ತೆ ಶುಭಶ್ರೀ ತಾನೇ ಮನೆಗೆ ಬಂದು ಕೊಡುತ್ತೇನೆಂದರೆ ಭೋಜ ಒಪ್ಪಲಿಲ್ಲ. ಜಗಲಿಯಲ್ಲಿ ರಾಜೀವಿಯ ಜತೆ ಬೀಡಿ ಕಟ್ಟಲು ನೆರೆಯ ಹೆಂಗಸರು ಕೂರುತ್ತಾರೆ. ಅವರಲ್ಲಿ ಒಬ್ಬಳಿಗೆ ಗೊತ್ತಾದರೂ ಸಂಜೆಯೊಳಗೆ ಇಡೀ ಬಸ್ಸಿಗೆ ಗೊತ್ತು. ಆಮೇಲೆ ಅವನ ಕೈಯಿಂದ ಯಾರು ಟಿಕೆಟ್ ಮುಟ್ಟಿಯಾರು? ಹೀಗೆ ಆಗಾಗ ಮದ್ದು ತಪ್ಪಿತು.

ಒಂದು ಬೆಳಿಗ್ಗೆ ಶುಭಶ್ರೀ ಬಸ್ಸನ್ನೇ ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಭೋಜ, ಅವಳು ಎಲ್ಲರೆದುರು ಬೈಯುತ್ತಾಳೆಂದೇ ಅಂದುಕೊಂಡು ಟಿಕೆಟ್ ಕೊಡಲು ಹೋದ.

"ಆಸ್ಪತ್ರೆಗೆ ಬರ್ಲಿಕ್ಕೆ ಆಗುವುದಿಲ್ಲ, ಮನೆಗೆ ನಾನು ಬರುವುದು ಬೇಡ," ಅವಳು ಮೆಲ್ಲಗೆ ಹೇಳಿದಳು. "ಫೋನಿನಲ್ಲಿ ನುಂಗುವುದನ್ನು ವಿಡಿಯೋ ಮಾಡಿ ಕಳಿಸ್ತೀರಾ?"

"ಇಷ್ಟು ಜನರ ನಡುವೆ ಅದು ಹೇಗೆ ಆಗ್ತದೆ ಮೇಡಂ?"

"ಮತ್ತೆ ಎಲ್ಲಿ ಆಗ್ತದೆ? ನೀವೇ ಹೇಳಿ."

ಹಾಗೆ ಅವನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎರಡು ಸ್ಟಾಪ್ ಕಳೆಯುವವರೆಗೂ ಯೋಚಿಸಿದ. ಮತ್ತೆ ಬಂದು, "ವೇಣೂರಿನಲ್ಲಿ ಬಸ್ಸು ಸ್ವಲ್ಪ ನಿಲ್ತದೆ. ಎದುರಿಗೆ ಮಾಜಿದಕ್ಕನ ಮೆಡಿಕಲ್ ಉಂಟು. ಮೆಡಿಕಲ್‌ಗೆ ಹೋದವನನ್ನು ಯಾಕೆ ಹೋದೆ ಅಂತ ಯಾರೂ ಕೇಳುವುದಿಲ್ಲ," ಎಂದ.

ಶುಭಶ್ರೀ ವೇಣೂರಿನಲ್ಲೇ ಇಳಿದು, ಮದ್ದನ್ನು ಮೆಡಿಕಲ್‌ನಲ್ಲಿಟ್ಟು ದಿನಾ ಎದುರಲ್ಲೇ ನುಂಗಿಸುವಂತೆ ಕೇಳಿಕೊಂಡಳು. ಮಾಜಿದಾ ಯಾವ ಆಕ್ಷೇಪವನ್ನೂ ಮಾಡಲಿಲ್ಲ. ಮರುದಿನದಿಂದ ಅವಳು ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತೆಗೆದಿಟ್ಟು ಕಾಯುತ್ತಿದ್ದಳು. ಭೋಜ ಒಳಗೆ ಹೋಗಿ, ಅವಳ ಎದುರೇ ನುಂಗಿ, ಬಾಯಿ ಒರೆಸಿಕೊಂಡು ಓಡಿ ಬರುತ್ತಿದ್ದ. ರಜೆಯ ದಿನ ಆ ಕೆಲಸ ರಾಜೀವಿಯದು. ತಿಂಗಳು ಕಳೆಯುವುದರೊಳಗೆ ಊಟ ರುಚಿಸಿತು, ಸಡಿಲವಾಗಿದ್ದ ಖಾಕಿ ಅಂಗಿ ಮೈಗೆ ಹತ್ತಿತು.

ಒಂದು ದಿನ ದಾರಿಯಲ್ಲಿ ಮರ ಬಿದ್ದು ಬಸ್ಸು ತಡವಾಯಿತು. ಹಿಂದಿನ ಬಸ್ಸು ಬೆನ್ನಿಗೇ ಇತ್ತು, ಒಳಗಿದ್ದವರು ಗೊಣಗುತ್ತಿದ್ದರು. ಇವತ್ತೊಂದು ದಿನ ಬಿಟ್ಟರಾಯಿತು ಎಂದುಕೊಂಡು ಭೋಜ ವೇಣೂರಿನಲ್ಲಿ ಇಳಿಯದೆ ಸೀಟಿ ಊದಿದ. ಬಸ್ಸು ಕದಲಲಿಲ್ಲ. ಮತ್ತೆ ಊದಿದ. ಡ್ರೈವರ್ ಅಶ್ರಫ್ ಎಂಜಿನ್ ನಿಲ್ಲಿಸಿ, ನೀರಿನ ಕ್ಯಾನ್ ಹಿಡಿದು ಕೆಳಗಿಳಿದ.

"ಎಂತ ಆಯ್ತು ಅಶ್ರಫ್?"

"ರೇಡಿಯೇಟರಿಗೆ ನೀರು ಹಾಕ್ತೇನೆ," ಎಂದ ಅಶ್ರಫ್, ಹತ್ತಿರ ಬಂದು ದನಿ ತಗ್ಗಿಸಿದ. "ಹೋಗಿ ಮದ್ದು ಕುಡಿದು ಬಾ ಮಾರಾಯ. ಟೈಮು ನಾನು ನೋಡಿಕೊಳ್ತೇನೆ."

ಭೋಜ ನಿಂತಲ್ಲೇ ನಿಂತ. "ನಿನಗೆ ಯಾರು ಹೇಳಿದ್ದು?"

"ಯಾರು ಹೇಳಬೇಕು? ಆ ಕೆಮ್ಮು, ದಿನಾ ಮೆಡಿಕಲ್‌ಗೆ ಓಟ, ಗೊತ್ತಾಗುವುದಿಲ್ವಾ? ನನ್ನನ್ನು ಹೆತ್ತ ಉಮ್ಮನೂ ಇದೇ ಮಾತ್ರೆ ನುಂಗಿದವರು. ಈಗ ನನಗಿಂತ ಗಟ್ಟಿ ಇದ್ದಾರೆ. ಹೋಗು, ಜನ ಕಾಯ್ತಿದ್ದಾರೆ."

ತಿಂಗಳುಗಟ್ಟಲೆ ಪಕ್ಕದಲ್ಲೇ ಕೂತು ಚಹಾ ಕುಡಿದವನು, ಒಂದೇ ತಟ್ಟೆಯ ಗೋಳಿಬಜೆ ತಿಂದವನು, ಎಲ್ಲ ತಿಳಿದೂ ದೂರ ಸರಿದಿರಲಿಲ್ಲ. ಮಾತ್ರೆ ನುಂಗಿ ಬರುವಾಗ ಭೋಜನಿಗೆ ಕಣ್ಣು ಮಂಜಾಗಿತ್ತು. ಆ ರಾತ್ರಿ ರಾಜೀವಿಗೆ ಇದನ್ನೆಲ್ಲ ಹೇಳಿದಾಗ ಅವಳು, "ನಾವು ಮಾತ್ರ ಹೆದರಿ ಸತ್ತದ್ದು," ಎಂದಳು.

ಏಪ್ರಿಲಿನಲ್ಲಿ ಕೊನೆಯ ಪರೀಕ್ಷೆ. ಕಫದಲ್ಲಿ ಏನೂ ಇಲ್ಲ, ಗುಣವಾಗಿದೆ ಎಂದರು ಡಾಕ್ಟರು. ಭೋಜ ಆಸ್ಪತ್ರೆಯಿಂದ ನೇರ ಬಸ್‌ಸ್ಟ್ಯಾಂಡಿಗೆ ಬಂದ.

"ಎಂತ ಹೇಳಿದ್ರು?" ಅಶ್ರಫ್ ಕೇಳಿದ.

"ಮುಗೀತಂತೆ."

ಅಶ್ರಫ್ ತಲೆಯಾಡಿಸಿ ಗೇರು ಹಾಕಿದ. ಬಾಗಿಲಲ್ಲಿ ನಿಂತ ಭೋಜ ಎದೆ ತುಂಬ ಗಾಳಿ ಎಳೆದುಕೊಂಡ; ಎಲ್ಲಿಯೂ ನೋವಿರಲಿಲ್ಲ.