ಮೂರು ಮನೆಯ ಹುಳು, ಒಂದೇ ಫೋನು

ತಾಯಲೂರಿನಲ್ಲಿ ಎಳೆ ಹುಳು ಸಾಕಿಕೊಡುವ ಚಾಕಿ ಕೇಂದ್ರದ ಅಂಗಳದಲ್ಲಿ ಇನ್ನೂ ನಸುಕು. ಎರಡನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ರೇಷ್ಮೆ ಹುಳುಗಳನ್ನು ತಟ್ಟೆ ತಟ್ಟೆಯಾಗಿ ಟೆಂಪೋಗೆ ಏರಿಸುತ್ತಿದ್ದಾರೆ. ಬಿಸಿಲೇರುವ ಮೊದಲೇ ಈ ಮರಿಗಳು ರೈತರ ಹುಳು ಮನೆ ಸೇರಬೇಕು. ಖಾಲಿ ತಟ್ಟೆಗಳ ಅಟ್ಟಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತಿರುವ ವಾಣಿಶ್ರೀ ಮಾತ್ರ ಹುಳುಗಳತ್ತ ನೋಡುತ್ತಿಲ್ಲ. ಅವರ ಕಣ್ಣೆಲ್ಲ ತೆರೆಯ ಮೇಲಿನ ಮೂರು ಹೆಸರುಗಳ ಮೇಲೆ: ಅಶ್ವತ್ಥಮ್ಮ, ಮುನಿಯಲ್ಲಪ್ಪ, ಆದಿಲಕ್ಷ್ಮಮ್ಮ. ಮೂವರದೂ ಒಂದೇ ಬೀದಿ, ಮೂವರಿಗೂ ಸೇರಿ ಒಂದೇ ಫೋನು. "ಇವತ್ತು ಇವ್ರ ಹುಳ ಸರಿಯಾಗಿ ಮನೆ ಸೇರಿದ್ರೆ ನಾನು ಗೆದ್ದೆ," ಎನ್ನುತ್ತಾರೆ.

ಕೇಂದ್ರದ ಮಾಲೀಕ ಚನ್ನರಾಯಪ್ಪನವರಿಗಾಗಿ ಹುಳು ಕಾಯ್ದಿರಿಸುವ ವೆಬ್‌ಸೈಟ್ ಬರೆದವರು, ದಿನವೂ ಅದರ ಯೋಗಕ್ಷೇಮ ನೋಡುವವರು ವಾಣಿಶ್ರೀಯೇ. ದೇವರಾಯಸಮುದ್ರದಲ್ಲಿ ಹುಳು ಸಾಕುವ ಮನೆಯಲ್ಲೇ ಬೆಳೆದವರು. ಕೋಲಾರದಲ್ಲಿ ಕಂಪ್ಯೂಟರ್ ಕಲಿತು ಮತ್ತೆ ಹುಳುವಿನ ಸಹವಾಸಕ್ಕೇ ಬಂದರು. ಇನ್ನೂರಕ್ಕೂ ಹೆಚ್ಚು ಮನೆಗಳು ಈಗ ಅದರಲ್ಲೇ ಹುಳು ಬರೆಸುತ್ತವೆ. ಟೆಂಪೋ ಓಡಿಸುವ ಉಮೇಶ್ ಎಲ್ಲರಿಗೂ ಗೊತ್ತು. ಈ ಹೆಣ್ಣುಮಗಳು ಯಾರಿಗೂ ಗೊತ್ತಿಲ್ಲ, ಒಬ್ಬ ಅಶ್ವತ್ಥಮ್ಮನನ್ನು ಬಿಟ್ಟು.

ಆ ಪರಿಚಯ ಶುರುವಾದದ್ದೂ ಬೈಗುಳದಿಂದ. ಹಿಂದಿನ ಬೆಳೆಗೆ ಅಶ್ವತ್ಥಮ್ಮ ತಮ್ಮ ಫೋನಿನಲ್ಲೇ ಅಕ್ಕಪಕ್ಕದ ಎರಡು ಮನೆಗಳಿಗೂ ಹುಳು ಬರೆಸಿದ್ದರು. ಆ ಕಡೆ ಅದೆಲ್ಲ ಮಾಮೂಲು. ಫೋನಿಗೊಬ್ಬ ರೈತ ಎಂದುಕೊಂಡಿದ್ದ ವಾಣಿಶ್ರೀ, ಮೊದಲು ಬರೆದ ಹೆಸರನ್ನು ಸೆಷನ್ನಿಗೆ ಕಟ್ಟಿಬಿಟ್ಟಿದ್ದರು. ಅಂದರೆ ಫೋನಿನಲ್ಲಿ ಆ ಪುಟ ತೆರೆದಿರುವಷ್ಟು ಹೊತ್ತೂ ಅದೇ ಹೆಸರು. ಮೂರು ಮನೆಯ ಹುಳುವೂ ಅಶ್ವತ್ಥಮ್ಮನ ಬಾಗಿಲಿಗೇ ಬಂದಿಳಿಯಿತು. ಇಲ್ಲಿ ಹುಳು ಹೆಚ್ಚಾಗಿ ಹಿಪ್ಪುನೇರಳೆ ಸೊಪ್ಪು ಸಾಲದು, ಉಳಿದೆರಡು ಮನೆಗಳಲ್ಲಿ ಸೊಪ್ಪು ಬಲಿಯುತ್ತಿದೆ, ತಿನ್ನಲು ಹುಳುವೇ ಇಲ್ಲ. ಅಶ್ವತ್ಥಮ್ಮನಿಗೆ ಸಮಾಧಾನವಿದ್ದರೆ ಕನ್ನಡ, ಸಿಟ್ಟು ಬಂದರೆ ತೆಲುಗು. ಅಂದು ವಾಣಿಶ್ರೀ ಮೊಪೆಡ್ ಏರಿ ಹೋಗಿ, ತಟ್ಟೆಗಳನ್ನು ಆಯಾ ಮನೆಗೆ ಹಂಚಿ ಮುಗಿಸುವವರೆಗೂ ತೆಲುಗು ನಿಲ್ಲಲಿಲ್ಲ. ಚನ್ನರಾಯಪ್ಪನವರೂ ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನೊಮ್ಮೆ ಹೀಗಾದರೆ ವೆಬ್‌ಸೈಟಿಗೆ ಬೀಗ, ಹಳೆಯ ಹಾಗೆ ಬಾಯಲ್ಲಿ ಕೇಳಿಕೊಂಡೇ ಹುಳು ಕಳಿಸುವುದು.

"ತಪ್ಪು ನಂದೇ," ವಾಣಿಶ್ರೀ ನಗುತ್ತಾರೆ. "ಒಂದ್ ಬೆಳೆ ಆದ್ಮೇಲೆ ಹುಳದ ಮನೆ ತೊಳೆದು, ಬ್ಲೀಚಿಂಗ್ ಹೊಡೆದೇ ಇನ್ನೊಂದ್ ಬೆಳೆ ಹಾಕೋದು ನಾವು. ಕೋಡ್‌ನಲ್ಲಿ ಮಾತ್ರ ತೊಳೆಯೋದು ಮರ್ತುಬಿಟ್ಟಿದ್ದೆ."

ಈಗ ಒಂದು ಬುಕಿಂಗ್ ಮುಗಿಯುವವರೆಗಷ್ಟೇ ಆ ಹೆಸರಿಗೆ ಆಯಸ್ಸು, ಮುಂದಿನ ಮನೆಗೆ ಎಲ್ಲವೂ ಹೊಸದು. ಯಾವ ಮಾಹಿತಿ ಎಷ್ಟು ಹೊತ್ತು ಬದುಕಬೇಕು ಎಂಬ ಈ ಕಟ್ಟುಪಾಡಿಗೆ ಅವರ ಕಸುಬಿನಲ್ಲಿ ಸ್ಕೋಪ್ ಎನ್ನುತ್ತಾರೆ. ಪ್ರೋಗ್ರಾಮಿನ ಭಾಗಗಳು ತಮಗೆ ಬೇಕಾದ್ದನ್ನು ತಾವೇ ಹುಡುಕಿಕೊಳ್ಳದೆ, ಪ್ರೋಗ್ರಾಮಿನ ಸಿದ್ಧ ಚೌಕಟ್ಟಾದ ಫ್ರೇಮ್‌ವರ್ಕೇ ಆ ಕಟ್ಟುಪಾಡಿನಂತೆ ಹೊತ್ತಿಗೆ ಸರಿಯಾಗಿ ತಂದುಕೊಡುವುದು ಡಿಪೆಂಡೆನ್ಸಿ ಇಂಜೆಕ್ಷನ್. ಹೆಸರು ಕೇಳಿ ಹೆದರಬೇಕಾಗಿಲ್ಲ. "ಹುಳ ಎಲ್ಲಾದ್ರೂ ಸೊಪ್ಪು ಹುಡುಕ್ಕೊಂಡು ಹೋಗುತ್ತಾ? ನಾವೇ ತಂದು ಹಾಕ್ಬೇಕು. ಮರಿಗೆ ಹೆಚ್ಚಿದ ಎಳೆ ಸೊಪ್ಪು, ದೊಡ್ಡದಕ್ಕೆ ಕಡ್ಡಿ ಸಮೇತ. ಇದೂ ಅಷ್ಟೇ," ಎನ್ನುತ್ತಾರೆ.

ಟೆಂಪೋ ಹೊರಟಿದೆ. ಲೋಟದಲ್ಲಿ ಟೀ ಆರುತ್ತಿದೆ, ವಾಣಿಶ್ರೀ ಮುಟ್ಟಿಲ್ಲ. ಎಳೆ ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಫೋನ್ ಹೊಡೆದುಕೊಳ್ಳುತ್ತದೆ. ಅಶ್ವತ್ಥಮ್ಮ. ವಾಣಿಶ್ರೀ ಫೋನನ್ನು ಕಿವಿಗಿಟ್ಟುಕೊಳ್ಳುತ್ತಾರೆ.

"ಏನಮ್ಮ ವಾಣಿ, ನಂಗಲಿ ಹತ್ರ ನಮ್ ತಮ್ಮನ ಮನೆಗೂ ಹುಳ ಬೇಕಂತೆ. ನನ್ ಫೋನಲ್ಲೇ ಬರೆದುಬಿಡ್ಲಾ?"

"ಬರೀರಮ್ಮ," ಎಂದು ಫೋನ್ ಇಟ್ಟವರ ಮುಖ ಊರಗಲ ಅರಳಿದೆ. ಆರಿದ ಟೀಯನ್ನೇ ಗುಟುಕರಿಸಿ ಅವರು ಹೇಳುವುದು ಇಷ್ಟೇ: "ಕನ್ನಡದಲ್ಲೇ ಮಾತಾಡಿದ್ರು."