ಬೀರುವಿನೊಳಗಿನ ರಟ್ಟಿನ ಕುರ್ಚಿ

ಎಲ್ಲರ ಬಾಯಲ್ಲೂ ಆಕೆ ರಟ್ಟಕ್ಕ. ಅಂಗಡಿಯವರು ಬಿಸಾಡಿದ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ತರುವುದು ಕಂಡು ಬೀದಿಯವರು ಮೊದಮೊದಲು ಗುಜರಿ ವ್ಯಾಪಾರವೆಂದೇ ತಿಳಿದಿದ್ದರು. ನೆಟ್ಟಗೆ ಕೂರಲಾಗದ ತಂಗಿಯನ್ನು ಮನೆಯವರು ಕೊನೆಯವರೆಗೂ ಗೋಡೆಗೆ ಒರಗಿಸಿಯೇ ಇಟ್ಟಿದ್ದರೆಂಬ ಸಿಟ್ಟು ಆಕೆಯ ಹೊಟ್ಟೆಯಲ್ಲಿತ್ತು. ಆ ಸಿಟ್ಟಿನಲ್ಲೇ, ಅಂಥ ಮಕ್ಕಳಿಗೆಂದು ರಟ್ಟಿನ ಮೇಲೆ ರಟ್ಟು ಅಂಟಿಸಿ, ಆಳು ಹತ್ತಿ ನಿಂತರೂ ಕುಸಿಯದ ಕುರ್ಚಿ ಮಾಡಲು ಕಲಿತಳು. ಅಳತೆ ಟೇಪನ್ನು ಆಕೆ ನಂಬುವುದಿಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎತ್ತ ವಾಲುತ್ತದೆ, ಕತ್ತು ಎಲ್ಲಿ ಸೋಲುತ್ತದೆ ಎಂಬುದು ತನ್ನ ಮೈಗೆ ತಿಳಿದ ಮೇಲೆಯೇ ಚಾಕು ಹಿಡಿಯುವುದು.

ಅದೇ ಬೀದಿಯ ಟೈಲರಣ್ಣನ ಮಗಳು ಚಿಟ್ಟೆಗೂ ಹಾಗೆಯೇ ಒಂದು ಮಾಡಿಕೊಟ್ಟಿದ್ದಳು. ಎಡಕ್ಕೆ ವಾಲುವ ಮಗುವಿಗೆ ಎಡಗಡೆ ಎತ್ತರದ ಆಸರೆ, ಮುಂದೆ ತಟ್ಟೆ ಇಡಲು ಹಲಗೆ. ಅದರಲ್ಲಿ ಕೂತು ಚಿಟ್ಟೆ ಮೊದಲ ಸಲ ತನ್ನ ಕೈಯಾರೆ ತುತ್ತು ಬಾಯಿಗಿಟ್ಟುಕೊಂಡಾಗ ಟೈಲರಣ್ಣ ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟಿದ್ದ. ಶಾಲೆಯಲ್ಲೂ ಹಾಗೇ ಕೂರಲೆಂದು ಕುರ್ಚಿಯನ್ನು ಅಲ್ಲಿಗೇ ಕೊಟ್ಟರು.

ತಿಂಗಳುಗಳು ಕಳೆದ ಮೇಲೆ ರಟ್ಟಕ್ಕ ನೋಡಲು ಹೋದಳು. ಚಿಟ್ಟೆ ತರಗತಿಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಕುರ್ಚಿ ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿ, ಬಹುಮಾನದ ಕಪ್ಪುಗಳ ನಡುವೆ ಬೀಗ ಜಡಿಸಿಕೊಂಡಿತ್ತು. ಕೂರಲು ಮಾಡಿದ ಕುರ್ಚಿಗೆ ಕಾವಲು, ಕೂರಬೇಕಾದ ಮಗುವಿಗೆ ನೆಲ! ಇಂಥ ಬುದ್ಧಿಗೆ ಏನು ಹೇಳುವುದು?

"ಬಂದೋರೆಲ್ಲ ಎಷ್ಟು ಹೊಗಳ್ತಾರೆ ಗೊತ್ತೇನಮ್ಮ?" ಎಂದರು ಹೆಡ್‌ಮಾಸ್ಟರು. "ಮಕ್ಕಳ ಕೈಗೆ ಕೊಟ್ರೆ ಹಾಳಾಗುತ್ತೆ."

"ಹಾಳಾಗ್ಲಿ ಸಾರ್! ಹಾಳಾದ್ರೆ ಇನ್ನೊಂದು ಮಾಡ್ತೀನಿ. ನಿಮ್ಮ ಕುರ್ಚೀನ ಬೀರುವಲ್ಲಿಟ್ಟು, ನೀವು ಹೋಗಿ ಚಾಪೆ ಮೇಲೆ ಬಿದ್ಕೊಳ್ಳಿ ನೋಡೋಣ. ಮೊದಲು ಬೀಗ ತೆಗೀರಿ!"

ಬೀಗ ತೆಗೆದರು. ಚಿಟ್ಟೆಯನ್ನು ಎತ್ತಿ ತಂದು ಕೂರಿಸಲು ನೋಡಿದರೆ ಸೊಂಟವೇ ಒಳಗಿಳಿಯಲಿಲ್ಲ. ಹುಡುಗಿ ಬೆಳೆದುಬಿಟ್ಟಿದ್ದಳು. ಬಣ್ಣ ಕೂಡ ಮಾಸದ ಕುರ್ಚಿ ಯಾವ ಕೆಲಸಕ್ಕೂ ಬಾರದಂತಾಗಿತ್ತು.

ರಟ್ಟಕ್ಕ ಅದನ್ನು ಪಕ್ಕಕ್ಕೆ ಸರಿಸಿದಳು. ಮೇಜನ್ನು ಸುತ್ತಿ ಹೋಗಿ, ಹೆಡ್‌ಮಾಸ್ಟರ ಕುರ್ಚಿಯಲ್ಲೇ ಕೂತು, ಚಿಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿ, ಮಗು ಎತ್ತ ವಾಲುತ್ತದೆಂದು ಮೈಯಿಂದಲೇ ಅಳೆದಳು.

"ಮೊದಲಿಗಿಂತ ಜಾಸ್ತಿ ವಾಲ್ತಾಳೆ" ಎಂದಳು. "ಮಲಗಿಸೀ ಮಲಗಿಸೀ ಬೆನ್ನು ಇನ್ನಷ್ಟು ಸೊಟ್ಟ ಮಾಡಿದೀರಿ ಸಾರ್."

ಹೆಡ್‌ಮಾಸ್ಟರು ತಮ್ಮ ಕೋಣೆಯಲ್ಲೇ ಕೂರಲು ಜಾಗವಿಲ್ಲದೆ ನಿಂತಿದ್ದರು.

"ಹೊಸದು ಆಗೋವರೆಗೂ ಇವಳು ಇಲ್ಲೇ, ನನ್ನ ತೊಡೆ ಮೇಲೇ ಕೂತಿರ್ತಾಳೆ. ನಾನಂತೂ ಏಳಲ್ಲ. ನೀವೇ ಹೋಗಿ, ಅಂಗಡಿಯಿಂದ ರಟ್ಟು ಹೊತ್ಕೊಂಡು ಬನ್ನಿ."