ರಿಬ್ಬನ್ ಕಾಯುವ ಮೀರಾಸಾಬ

ಬಾಗಲಕೋಟೆಯ ಹೊರಗಿನ ಗರಸು ಮೈದಾನದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಿಂದಿನ ಸಂಜೆಯೇ ಇಳಕಲ್ಲಿನಿಂದ ಬಂದಿರುವ ಮೀರಾಸಾಬ ತಲೆಗೆ ಮಫ್ಲರ್ ಸುತ್ತಿಕೊಂಡು ಮೇಜಿನ ಮೇಲೆ ಐದು ಬಣ್ಣದ ರಿಬ್ಬನ್ ಜೋಡಿಸುತ್ತಿದ್ದಾರೆ. ರೇಡಿಯೋ ಅಲೆಯಿಂದ ನಡೆಯುವ ಪುಟ್ಟ ವಿಮಾನಗಳ ಕಸರತ್ತಿನ ಪಂದ್ಯ ಇಂದು ಇಲ್ಲಿದೆ. ನೆಲದ ಮೇಲೆ ನಿಂತು ವಿಮಾನ ನಡೆಸುವ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಮೀಟರನ್ನು, ಎಲ್ಲರೂ ಇವರ ವಶಕ್ಕೆ ಒಪ್ಪಿಸಬೇಕು. ಒಂದು ಫ್ರೀಕ್ವೆನ್ಸಿಯ ಅಲೆಗೆ ಒಂದೇ ರಿಬ್ಬನ್. ರಿಬ್ಬನ್ ಕೈಗೆ ಬಾರದೆ ಯಾರೂ ಸ್ವಿಚ್ ಹಾಕುವಂತಿಲ್ಲ.

“ಮೀರಾಸಾಬ್ರ, ಸುಮ್ನ ಒಂದ್ಸಲ ಚೆಕ್ ಮಾಡ್ತೇನಿ, ಕೊಡ್ರಿ,” ಎನ್ನುತ್ತಾರೆ, ಹಾರಾಟ ಶುರುವಾದ ಸ್ವಲ್ಪ ಹೊತ್ತಿಗೆ, ಬಾದಾಮಿಯಿಂದ ಬಂದ ವಕೀಲರೊಬ್ಬರು.

“ಕೆಂಪು ರಿಬ್ಬನ್ನಿಂದು ಮ್ಯಾಲ ಹಾರಾಕತ್ತೇತ್ರಿ. ಅದು ಇಳೀಲಿ.”

“ಬರೇ ಒಂದ್ ನಿಮಿಷ ರೀ.”

“ಒಂದ್ ನಿಮಿಷ ಅಂದ್ರ ಏನಂತ ನನಗ ಗೊತ್ತೈತ್ರಿ.” ದನಿ ಏರುವುದಿಲ್ಲ. ಕಣ್ಣು ನೆಲ ನೋಡುತ್ತದೆ.

ಐವತ್ತರ ಅಂಚಿನ ಮೀರಾಸಾಬರದು ಇಳಕಲ್ ಬಸ್ ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿ ಅಂಗಡಿ. ದಿನಕ್ಕೆ ಆರೇಳು ರೇಡಿಯೋ ಬಿಚ್ಚಿ ಕಟ್ಟುತ್ತಾರೆ. ಈ ವಿಮಾನದ ಹುಚ್ಚು ಹತ್ತಿದ್ದು 1977ರಲ್ಲಿ, ಹುನಗುಂದದ ಡ್ರಾಯಿಂಗ್ ಮಾಸ್ತರ ಹುಲ್ಲಪ್ಪ ತಮ್ಮ ಟ್ರಾನ್ಸ್‌ಮೀಟರ್ ರಿಪೇರಿಗೆ ತಂದಾಗ. ಕಲಿಸಿದವರೂ ಅವರೇ. ಮೊದಲು ಕೈಯಲ್ಲಿ ಕಟ್ಟಿಗೆಯ ತುಂಡು ಹಿಡಿದು ಹೊಲದ ತುಂಬ ನಡೆದಾಡುವುದು: ಇಲ್ಲಿ ಲಾಗ, ಇಲ್ಲಿ ಉರುಳು, ಇಲ್ಲಿ ತಲೆಕೆಳಗಾಗಿ ಓಟ. “ವಿಮಾನ ನಮ್ಮ ಕಡೆ ಮಾರಿ ಮಾಡಿ ಬಂತಂದ್ರ ಎಡ ಬಲ ಆಗ್ತೈತ್ರಿ, ಬಲ ಎಡ. ಅದು ತಲ್ಯಾಗ ಕುಂದ್ರಾಕ ಎರಡು ವರ್ಷ, ನಾಕು ವಿಮಾನ ಹಿಡೀತು,” ಎಂದು ನಗುತ್ತಾರೆ. ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತರೆ ಕಂಡಕ್ಟರ್ ಅದಕ್ಕೂ ಅರ್ಧ ಟಿಕೀಟು ಕೇಳುತ್ತಿದ್ದನಂತೆ.

ನಗು ಅಲ್ಲಿಗೇ ನಿಲ್ಲುತ್ತದೆ. “ಬರಿಯೂದಾದ್ರ ಮುಂದಿಂದೂ ಬರೀರಿ. ಇಲ್ಲಾಂದ್ರ ಏನೂ ಬರೀಬ್ಯಾಡ್ರಿ,” ಎನ್ನುತ್ತಾರೆ, ನಮ್ಮ ಕೈಯ ನೋಟ್‌ಬುಕ್ ನೋಡಿ.

1980ರ ಜನವರಿ. ಇದೇ ಮೈದಾನ, ಅವರ ಮೊದಲ ಪಂದ್ಯ. ಆಗ ಮೇಜು, ರಿಬ್ಬನ್ ಏನೂ ಇರಲಿಲ್ಲ. ಮೇಲೆ ಯಾರದಿದೆ ಎಂದು ಕೂಗಿ ಕೇಳಿ ಸ್ವಿಚ್ ಹಾಕುವುದು ಪದ್ಧತಿ. ಹುಲ್ಲಪ್ಪ ಮಾಸ್ತರರ ವಿಮಾನ ಲಾಗದ ತುದಿಯಲ್ಲಿತ್ತು. ತಮ್ಮ ಸರದಿಯ ಅಂಜಿಕೆಯಲ್ಲಿದ್ದ ಮೀರಾಸಾಬ ಬೇವಿನ ಮರದ ಹಿಂದೆ ಕುಳಿತು, ಯಾರನ್ನೂ ಕೇಳದೆ, ತಮ್ಮ ವಿಮಾನದ ಬಾಲ ಅಲ್ಲಾಡುತ್ತದೋ ಇಲ್ಲವೋ ನೋಡಲು ಸ್ವಿಚ್ ಹಾಕಿದರು. ಇಬ್ಬರದೂ ಒಂದೇ ಫ್ರೀಕ್ವೆನ್ಸಿ, ಅಲೆಗೆ ಅಲೆ ಅಡ್ಡ ಬಂತು. ಮಾಸ್ತರ ಹನ್ನೊಂದು ತಿಂಗಳು ಕೂತು ಕಟ್ಟಿದ ವಿಮಾನ ಮೂತಿ ಕೆಳಗಾಗಿ ನೆಲಕ್ಕೆ ಬಡಿಯಿತು.

ಅಷ್ಟಕ್ಕೇ ಮುಗಿದಿದ್ದರೆ ಕೈತಪ್ಪು ಅನ್ನಬಹುದಿತ್ತು. ಮಾಸ್ತರ ಚೂರುಗಳನ್ನು ಆರಿಸಿಕೊಂಡು ನೇರ ಇವರ ಬಳಿಗೇ ಬಂದರು. “ಮೀರಾಸಾಬ್ರ, ರೇಡಿಯೋ ಬಲ್ಲವ್ರು ನೀವು. ಏನಾಗೇತಿ ನೋಡಿ ಹೇಳ್ರಿ.” ಮೀರಾಸಾಬ ವಿಮಾನದೊಳಗಿನ ರಿಸೀವರ್ ಬಿಚ್ಚಿದರು. ಎಲ್ಲ ಸರಿಯಾಗಿಯೇ ಇತ್ತು. “ಬೆಸುಗಿ ಬಿಟ್ಟೈತ್ರಿ ಮಾಸ್ತರ,” ಎಂದುಬಿಟ್ಟರು. ಆ ಬೆಸುಗೆ ಹಾಕಿದವರು ಸ್ವತಃ ಮಾಸ್ತರರೇ. ಮಧ್ಯಾಹ್ನ ಮೀರಾಸಾಬ ಹಾರಿಸಿದರು, ಮೂರನೆಯ ಬಹುಮಾನವನ್ನೂ ಪಡೆದರು. ಮಾಸ್ತರ ಚಪ್ಪಾಳೆ ತಟ್ಟಿದರು.

“ಆ ಚಪ್ಪಾಳಿ ಬಾರಕೋಲಿನಂಗ ಬಿತ್ರಿ ಮೈಮ್ಯಾಲೆ.”

ಎಂಟು ತಿಂಗಳು ಬಾಯಿ ಬಿಡಲಿಲ್ಲ. ಮಾಸ್ತರ ಹಾರಿಸುವುದನ್ನೇ ಬಿಟ್ಟರೆಂಬ ಸುದ್ದಿ ಬಂದ ದಿನ ಹೆಂಡತಿ ಗುಲಾಬಬಿಯ ಮುಂದೆ ಹೇಳಿಕೊಂಡರು. ರೊಟ್ಟಿ ಬಡಿಯುತ್ತಿದ್ದ ಆಕೆ ತಿರುಗಿ ನೋಡದೆ ಅಂದಳಂತೆ: “ನನ್ನ ಮುಂದ ಯಾಕ ಹೇಳ್ತೀರಿ? ಹುನಗುಂದಕ್ಕ ಬಸ್ ಐತಿ.”

ಹುನಗುಂದದಲ್ಲಿ ಮಾಸ್ತರ ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. “ಎಂಟು ತಿಂಗಳಾತು, ನನ್ನ ಕೈ ಮ್ಯಾಲೆ ನನಗ ನಂಬಿಗಿ ಹೋಗಿತ್ತು,” ಎಂದರು. ಅಷ್ಟೇ. ಚಹಾ ಬಂತು. ಮೀರಾಸಾಬ ಕಪ್ಪು ಹಾಗೇ ಇಟ್ಟು ಎದ್ದರು.

1981ರ ಪಂದ್ಯಕ್ಕೆ ಅವರು ವಿಮಾನ ತರಲಿಲ್ಲ. ನೆರೆದವರೆಲ್ಲರ ಮುಂದೆ ನಡೆದದ್ದನ್ನು ಹೇಳಿ, ಬಹುಮಾನ ಮರಳಿಸಿ, ಒಂದು ಮೇಜು ಹಾಕಿಕೊಂಡು ರಿಬ್ಬನ್ ಕಾಯಲು ಕುಳಿತರು. ಈಗ ಐದು ವರ್ಷ. ಪಂದ್ಯದ ದಿನ ಐವತ್ತು ಅರವತ್ತು ಹಾರಾಟ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿ ಬಿಡುವುದಿಲ್ಲ, ಬುತ್ತಿ ಬಿಚ್ಚುವುದೂ ಅಲ್ಲೇ. ಅಲೆಗೆ ಅಲೆ ಅಡ್ಡ ಬಂದು ಒಂದು ವಿಮಾನವೂ ಬಿದ್ದಿಲ್ಲ. ಬಹುಮಾನ ಹಂಚುವಾಗ ಇವರ ಹೆಸರು ಯಾರೂ ಹೇಳುವುದಿಲ್ಲ. ಹೇಳಬಾರದೆಂದು ಇವರೇ ಕೇಳಿಕೊಂಡಿದ್ದಾರೆ.

ಹುಲ್ಲಪ್ಪ ಮಾಸ್ತರ ಮತ್ತೆ ಹಾರಿಸುತ್ತಿದ್ದಾರೆ. ಕಳೆದ ವರ್ಷ ರಿಬ್ಬನ್ ಮರಳಿಸುವಾಗ ಮೇಜಿನ ಮುಂದೆ ತುಸು ನಿಂತರಂತೆ. “ಮೀರಾಸಾಬ್ರ, ನೀವೂ ವಿಮಾನ ತರ್ರಿ. ನೀವು ಹಾರಸೂತನಕ ಇಲ್ಲಿ ನಾ ಕುಂದರ್ತೇನಿ.”

ಹೂಂ ಅಂದಿರಾ ಎಂದು ಕೇಳಿದರೆ ಮೀರಾಸಾಬ ಅಡ್ಡಡ್ಡ ತಲೆಯಾಡಿಸುತ್ತಾರೆ.

“ಇನ್ನೂ ಇಲ್ರಿ. ನನ್ನ ಸಲುವಾಗಿ ಅವ್ರು ಇಲ್ಲಿ ಕಾಯ್ಕೊಂತ ಕುಂದ್ರೂದಂದ್ರ ಭಾಳ ನಾಚಿಕಿ ಆಗ್ತೈತ್ರಿ.” ಆಮೇಲೆ ದನಿ ತಗ್ಗಿಸುತ್ತಾರೆ. “ಆದ್ರ ಮನ್ಯಾಗ ಒಂದ್ ರೆಕ್ಕಿ ಕಟ್ಟಾಕ ಹತ್ತೇನಿ.”